ಕಬ್ಬು ಬೇಡ, ಬೆಲ್ಲ ತನ್ನಿ

ಮೈಸೂರಿನ ಆ ಹೆಸರುವಾಸಿ ಖಾಸಗಿ ಪ್ರೌಢಶಾಲೆಯ ಸಭ್ಯತೆಯನ್ನು ಮೊದಲು ಮೆಚ್ಚಬೇಕು. ‘ಪ್ರವೇಶ ಪರೀಕ್ಷೆ’ ಎಂಬ ಒರಟು ಮಾತನ್ನು ಅಲ್ಲಿ ಯಾರೂ ಬಾಯಿಗೆ ತರುವುದಿಲ್ಲ. ಅದು ‘ಸಾಮರ್ಥ್ಯ ಪರಿಚಯ’. ಮಗುವಿನ ಪರಿಚಯ ಮಾಡಿಕೊಳ್ಳಲು ಐನೂರು ರೂಪಾಯಿಯ ಅರ್ಜಿ, ಎರಡು ಗಂಟೆಯ ಪ್ರಶ್ನೆಪತ್ರಿಕೆ ಮತ್ತು ಗುಂಡಿ ತುಂಬುವ ಉತ್ತರ ಹಾಳೆ ಬೇಕಾಗುತ್ತವೆ, ಅಷ್ಟೆ. ಮಂಡ್ಯದ ನಮ್ಮ ಬೀದಿಯ ಹುಡುಗಿಯೊಬ್ಬಳು ಏಳನೇ ತರಗತಿ ಮುಗಿಸಿ ಎಂಟಕ್ಕೆ ಅಲ್ಲಿ ಸೇರುವ ಆಸೆಯಿಂದ ಇಂಥ ಪರಿಚಯಕ್ಕೆ ಒಳಗಾಗಿದ್ದಳು. ಫಲಿತಾಂಶದ ದಿನ ಅವಳ ತಂದೆ, ಇಂಗ್ಲಿಷಿನವರ ಮುಂದೆ ಜೊತೆಗೊಬ್ಬರು ಇರಲಿ ಎಂದು, ನನ್ನನ್ನೂ ರೈಲು ಹತ್ತಿಸಿದರು.

ಕಿಟಕಿಯಿಂದ ಹೊರಬಂದ ಬಣ್ಣದ ಹಾಳೆಯಲ್ಲಿ ಒಂದು ಗ್ರಾಫೂ ಅದರ ಕೆಳಗೆ 62 ಎಂಬ ಸಂಖ್ಯೆಯೂ ಇದ್ದವು. ತಂದೆಯ ಮುಖ ಅರಳಿತು. “ಅರವತ್ತೆರಡು ಬಂದೈತಲ್ಲ ಸ್ವಾಮಿ, ಫಸ್ಟ್ ಕ್ಲಾಸಲ್ವ?” ಎಂದರು. ಗುಮಾಸ್ತರು ತಲೆಯೆತ್ತದೆ, “ಇದು ಪರ್ಸೆಂಟ್ ಅಲ್ಲ ಯಜಮಾನರೇ, ಪರ್ಸೆಂಟೈಲ್” ಎಂದರು. ನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಸುಮಾರು ಅರವತ್ತೆರಡು ಮಕ್ಕಳು ನಿಮ್ಮ ಮಗಳ ಹಿಂದಿದ್ದಾರೆ ಎಂದು ಇದರರ್ಥ. ಅವಳು ಎಷ್ಟು ಕಲಿತಿದ್ದಾಳೆ ಎಂಬುದಕ್ಕೂ ಇದಕ್ಕೂ ನೇರ ಸಂಬಂಧವಿಲ್ಲ ಎಂದು ನಾನು ವಿವರಿಸಿದೆ. ಅವರು ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡರು. ಪರ್ಸೆಂಟಿಗೆ ಐಲು ಹಿಡಿದರೆ ಪರ್ಸೆಂಟೈಲ್ ಆಗುತ್ತದೆ ಎಂದು ನನಗೆ ಹೊಳೆದದ್ದು ಆಗಲೇ.

ಈ ಐಲು ನಮ್ಮದೇ ಏನಲ್ಲ. ಅಮೆರಿಕದ ಖಾಸಗಿ ಪ್ರೌಢಶಾಲೆಗಳಿಗೆ ಸೇರಬಯಸುವ ಮಕ್ಕಳು ಎಸ್‌ಎಸ್‌ಎಟಿ ಎಂಬ ಪರೀಕ್ಷೆ ಬರೆಯುತ್ತಾರೆ. ಅದರಲ್ಲಿ ಏನೂ ಬಾರದವನಿಗೂ 1500 ಅಂಕವಿದೆ, ಎಲ್ಲವೂ ಬಂದವನಿಗೆ 2400. ತಪ್ಪು ಉತ್ತರವೊಂದಕ್ಕೆ ಕಾಲು ಅಂಕ ಖೋತಾ. ಅಲ್ಲಿಯ ಪರ್ಸೆಂಟೈಲನ್ನು ದೇಶದ ಎಲ್ಲ ಮಕ್ಕಳೊಡನೆ ಹೋಲಿಸಿ ಲೆಕ್ಕ ಹಾಕುವುದಿಲ್ಲ, ಹಿಂದಿನ ಮೂರು ವರ್ಷಗಳಲ್ಲಿ ಅದೇ ಪರೀಕ್ಷೆಯನ್ನು ಬರೆದವರೊಡನೆ ಹೋಲಿಸುತ್ತಾರೆ. ಆದ್ದರಿಂದ ತನ್ನ ಶಾಲೆಯಲ್ಲಿ ಜಾಣನೆನಿಸಿಕೊಂಡ ಹುಡುಗನೂ ಅಲ್ಲಿ ನಡುಸಾಲಿಗೆ ಜಾರುವುದುಂಟು. ಕೋವಿಡ್ ಬಂದ ಮೇಲೆ ಅಲ್ಲಿನ ಹಲವು ಶಾಲೆಗಳು ಈ ಅಂಕವನ್ನು ಕೊಟ್ಟರೆ ಕೊಡಿ, ಬಿಟ್ಟರೆ ಬಿಡಿ ಎಂದವು. ಅವರು ಬಿಸಾಡಲು ಯೋಚಿಸುತ್ತಿರುವುದನ್ನು ಹೆಕ್ಕಿ ತಂದು ಪೂಜಿಸುವ ವಿಷಯದಲ್ಲಿ ನಮ್ಮನ್ನು ಮೀರಿಸುವವರಿಲ್ಲ.

ಒಂದು ವ್ಯತ್ಯಾಸವೆಂದರೆ, ಅಲ್ಲಿ ಅದು ಕಾನೂನಿಗೆ ವಿರುದ್ಧವಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ರಕ್ಷಣೆ ಒಂದರಿಂದ ಎಂಟನೇ ತರಗತಿಯವರೆಗೆ ಇದೆ. ನಮ್ಮ ರಾಜ್ಯದಲ್ಲಿ ಪ್ರೌಢಶಾಲೆ ಆರಂಭವಾಗುವುದೇ ಎಂಟರಿಂದ. ಹೀಗೆ ಕಾಯ್ದೆಯ ಕೊನೆಯ ಮೆಟ್ಟಿಲೂ ಪ್ರೌಢಶಾಲೆಯ ಮೊದಲ ಮೆಟ್ಟಿಲೂ ಒಂದೇ ಆಗಿದ್ದು, ಶಾಲೆಗಳವರು ಕಾಲಿಡುವಾಗ ಎರಡನೆಯದು ಮಾತ್ರ ಅವರ ಕಣ್ಣಿಗೆ ಬೀಳುತ್ತದೆ. ಆ ಕಾಯ್ದೆಯ 13ನೇ ಕಲಮಿನ ಪ್ರಕಾರ ಸೇರಿಸಿಕೊಳ್ಳುವಾಗ ಮಗುವನ್ನಾಗಲಿ ಪೋಷಕರನ್ನಾಗಲಿ ಜರಡಿ ಹಿಡಿಯುವಂತಿಲ್ಲ. ಒಂದು ಮಗುವನ್ನು ಬಿಟ್ಟು ಇನ್ನೊಂದನ್ನು ಆರಿಸಬೇಕಾಗಿ ಬಂದರೆ ಚೀಟಿ ಎತ್ತಬೇಕು. ತಪ್ಪಿದರೆ ಮೊದಲ ಸಲ 25,000 ರೂಪಾಯಿಯವರೆಗೆ, ಆಮೇಲೆ ಪ್ರತಿ ಸಲ 50,000ದವರೆಗೆ ದಂಡ. ಐನೂರರಂತೆ ಐವತ್ತು ಅರ್ಜಿ ಮಾರಿದರೆ ಮೊದಲ ದಂಡದ ಹಣ ಹುಟ್ಟುತ್ತದೆ. ಈ ಲೆಕ್ಕವನ್ನು ಏಳನೇ ತರಗತಿಯ ಮಗುವೇ ಮಾಡೀತು, ಗುಂಡಿ ತುಂಬಲು ನಾಲ್ಕು ಆಯ್ಕೆ ಕೊಡುವ ಅಗತ್ಯವೂ ಇಲ್ಲ.

ಹುಡುಗಿಯ ತಂದೆ ಕಬ್ಬಿನ ಬೆಳೆಗಾರರು. 1933ರಿಂದ ಸಕ್ಕರೆ ಕಾರ್ಖಾನೆಯ ಹೊಗೆ ನೋಡುತ್ತಾ ಬಂದ ಊರಿನವರಿಗೆ ರಿಕವರಿ (ಅರೆದ ಕಬ್ಬಿನಲ್ಲಿ ನೂರಕ್ಕೆ ಎಷ್ಟು ಪಾಲು ಸಕ್ಕರೆ ಸಿಕ್ಕಿತು ಎಂಬ ಲೆಕ್ಕ) ಎಂದರೇನೆಂದು ಹೇಳಿಕೊಡಬೇಕಿಲ್ಲ. ಕೇಂದ್ರ ಸರ್ಕಾರ 2025-26ರ ಹಂಗಾಮಿಗೆ ಶೇ. 10.25ರ ರಿಕವರಿ ಇರುವ ಕಬ್ಬಿಗೆ ಕ್ವಿಂಟಲಿಗೆ 355 ರೂಪಾಯಿ ದರ ಗೊತ್ತುಮಾಡಿದೆ, ರಿಕವರಿ ಶೇ. 9.5ಕ್ಕಿಂತ ಎಷ್ಟೇ ಕೆಳಗಿಳಿದರೂ ದರವನ್ನು 329.05ಕ್ಕಿಂತ ಇಳಿಸುವಂತಿಲ್ಲ. ಅಂದರೆ ಸಪ್ಪೆ ಕಬ್ಬಿಗೂ ಈ ದೇಶದಲ್ಲಿ ಒಂದು ಕನಿಷ್ಠ ಮರ್ಯಾದೆ ಇದೆ. ಕಬ್ಬು ಅರೆಯುವುದು ತನ್ನ ಕೆಲಸವೆಂದು ಕಾರ್ಖಾನೆ ಒಪ್ಪಿಕೊಂಡಿದೆ. ಈ ಶಾಲೆಯವರು ಗೇಟಿನಲ್ಲೇ ಗಾಡಿ ನಿಲ್ಲಿಸಿ, ಕಬ್ಬು ಬೇಡ, ಮನೆಯಲ್ಲೇ ಅರೆದು, ಕಾಸಿ, ಅಚ್ಚು ಹೊಯ್ದು ಬೆಲ್ಲ ಮಾಡಿಕೊಂಡು ತನ್ನಿ ಎನ್ನುತ್ತಾರೆ. ತಂದ ಬೆಲ್ಲಕ್ಕೆ ತಮ್ಮ ಮುದ್ರೆ ಒತ್ತಿ, ಮೂರು ವರ್ಷಗಳ ಬಳಿಕ ‘625ಕ್ಕೆ 620’ ಎಂಬ ಫ್ಲೆಕ್ಸನ್ನು ವೃತ್ತದಲ್ಲಿ ಕಟ್ಟುತ್ತಾರೆ. ಅಷ್ಟಾದರೂ ಜರಡಿಯಲ್ಲಿ ಉಳಿದುಹೋದ ಒಂದೆರಡು ಮಕ್ಕಳನ್ನು ಒಂಬತ್ತರ ಕೊನೆಯಲ್ಲಿ ಟಿ.ಸಿ. ಕೊಟ್ಟು ಕಳುಹಿಸಿದರೆ ಫಲಿತಾಂಶ ನೂರಕ್ಕೆ ನೂರು.

ನಗೆಯ ಮಾತು ಸಾಕು. ಬಾರದ್ದನ್ನು ಕಲಿಸುವುದಕ್ಕೆಂದೇ ಶಾಲೆ ಇರುವುದು. ಬಂದವರನ್ನು ಮಾತ್ರ ಸೇರಿಸಿಕೊಂಡು, ಬಾರದವರ ತಂದೆಯ ಎದುರು ಬಣ್ಣದ ಗ್ರಾಫ್ ಹಿಡಿದು, ಹನ್ನೆರಡು ವರ್ಷದ ಮಗುವಿನ ಕಿವಿಗೆ ಬೀಳುವಂತೆ ‘ನಿಮ್ಮ ಮಗಳು ನಮ್ಮ ಮಟ್ಟಕ್ಕಿಲ್ಲ’ ಎಂದು ಹೇಳುವ ಕೆಲಸವನ್ನು ವಿದ್ಯಾದಾನವೆಂದು ಕರೆಯುವವರನ್ನು ನೋಡಿ ನೋಡಿ ನನಗೆ ಸುಸ್ತಾಗಿದೆ. ಕಾಯ್ದೆ ಪುಸ್ತಕದಲ್ಲಿದೆ, ಇಲಾಖೆ ಕಚೇರಿಯಲ್ಲಿದೆ, ಅರ್ಜಿಯ ಸಾಲು ಬೀದಿಯಲ್ಲಿದೆ, ಮತ್ತು ದೂರು ಕೊಡಬೇಕಾದವರೆಲ್ಲ ಆ ಸಾಲಿನಲ್ಲೇ ನಿಂತಿದ್ದಾರೆ. ಆ ದಿನ ನಾನೂ ನಿಂತಿದ್ದೆ.

ಹಿಂದಿರುಗುವ ರೈಲು ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ತಂದೆಯ ಮೊಬೈಲಿಗೆ ಶಾಲೆಯಿಂದ ಇಂಗ್ಲಿಷ್ ಸಂದೇಶವೊಂದು ಬಂತು. ಅವರದೇ ಆರು ವಾರಗಳ ಫೌಂಡೇಶನ್ ಕೋರ್ಸಿಗೆ ಹದಿನೆಂಟು ಸಾವಿರ ಕಟ್ಟಿದರೆ ಮಗುವಿನೊಡನೆ ಇನ್ನೊಮ್ಮೆ ಪರಿಚಯ ಮಾಡಿಕೊಳ್ಳಲು ಅವರು ಸಿದ್ಧರಿದ್ದರು. ತಂದೆ ಫೋನನ್ನು ನನ್ನ ಕೈಗಿತ್ತು, “ಏನಂತೆ, ಕಟ್ಟಿಬುಡಾನಾ?” ಎಂದು ಕೇಳಿದರು. ನಾನು ಕನ್ನಡಕ ಹುಡುಕುತ್ತಿದ್ದೆ. ಕಿಟಕಿಯ ಬದಿ ಕುಳಿತಿದ್ದ ಹುಡುಗಿ ಆಗಲೇ ಬಗ್ಗಿ ಅದನ್ನು ಓದಿ ಮುಗಿಸಿದ್ದಳು. “ಅಂಕಲ್, ಫೌಂಡೇಶನ್ ಸ್ಪೆಲಿಂಗೇ ತಪ್ಪು ಬರ್ದವ್ರೆ” ಎಂದಳು.