ಅಕ್ಕಿ ಗೂಡಿಗೆ ಮರಳಲಿ

ನನ್ನ ಫೋನಿನಲ್ಲಿ ಎರಡು ಗುಂಪುಗಳಿವೆ. ಒಂದು, ಪದಬಂಧ ಮತ್ತು ವ್ಯಾಕರಣದ ಹುಚ್ಚು ಹತ್ತಿದ ಕನ್ನಡಿಗರದು. ಒಬ್ಬರ ಪರಿಚಯದಿಂದ ಇನ್ನೊಬ್ಬರು ಸೇರುತ್ತ ಒಂದು ಕಾಲಕ್ಕೆ 17 ಜನರಾಗಿದ್ದ ಈ ಬಳಗದಲ್ಲಿ ಅರ್ಧಕ್ಕೂ ಹೆಚ್ಚಿನವರ ಮುಖವನ್ನು ನಾನು ಇಂದಿಗೂ ಕಂಡಿಲ್ಲ. ಇನ್ನೊಂದು, ನಾನು ಇಂಗ್ಲೆಂಡಿಗೆ ಬಂದ ಹೊಸತರಲ್ಲಿ ನನ್ನೊಡನೆ ಕೆಲಸ ಮಾಡಿ, ಈಗ ಬೇರೆ ಬೇರೆ ಕಡೆ ಚದುರಿಹೋಗಿರುವ 7 ಮಂದಿ ಇಂಗ್ಲಿಷರದು. ಎರಡರಲ್ಲೂ ಮುಖ್ಯ ಕಸುಬು ಒಬ್ಬರ ಕಾಲನ್ನು ಇನ್ನೊಬ್ಬರು ಎಳೆಯುವುದೇ. ಆದರೆ ಎಳೆಯಬೇಕಾದ ಕಾಲು ಸ್ಥಳದಲ್ಲಿ ಇಲ್ಲದೆ ಹೋದಾಗ ಎರಡೂ ಕಡೆಯವರು ನಡೆದುಕೊಳ್ಳುವ ರೀತಿಗೆ ಅಜಗಜಾಂತರವಿದೆ. ಇದನ್ನು ಎರಡು ಜನಾಂಗಗಳ ಸ್ವಭಾವವೆಂದು ಸಾರುವ ಧೈರ್ಯ ನನಗಿಲ್ಲ. ನಾನು ಕಂಡ ಎರಡು ಗುಂಪುಗಳ ಮಾತಷ್ಟೇ ಇದು.

ಇಂಗ್ಲಿಷ್ ಗೆಳೆಯರು ಎದುರಿಗಿರುವವನನ್ನು ಕಿಂಚಿತ್ತೂ ದಯೆಯಿಲ್ಲದೆ ಗೇಲಿ ಮಾಡುತ್ತಾರೆ. ಬೋಳು ತಲೆ, ಮುರಿದ ಮದುವೆ, ಸೋತ ಪರೀಕ್ಷೆ ಯಾವುದಕ್ಕೂ ವಿನಾಯಿತಿಯಿಲ್ಲ. ಆದರೆ ಅವರಲ್ಲೊಬ್ಬ ಹತ್ತು ದಿನ ಮಾತನಾಡದಿದ್ದರೆ ಅವನ ಹೆಸರೇ ಗುಂಪಿನಿಂದ ಅಳಿಸಿಹೋದಂತಾಗುತ್ತದೆ. ‘ಎಲ್ಲಿ ಹೋದ?’ ಎಂದು ಯಾರೂ ಬಹಿರಂಗವಾಗಿ ಕೇಳುವುದಿಲ್ಲ. ಮೊದಮೊದಲು ಇದು ನನಗೆ ಕಲ್ಲುಹೃದಯವಾಗಿ ಕಂಡಿತ್ತು. ಒಮ್ಮೆ ತಡೆಯಲಾರದೆ ಅವರಲ್ಲಿ ಹಿರಿಯನನ್ನು ಕೇಳಿದಾಗ, ಇಲ್ಲದವನ ಬಗ್ಗೆ ತಮಾಷೆ ಮಾಡಿದರೆ ಅದು ಬೆನ್ನ ಹಿಂದೆ ಆಡುವ ಮಾತಾಗುತ್ತದೆಂದೂ, ಅವನು ಏಕೆ ಸುಮ್ಮನಿದ್ದಾನೆ ಎಂಬುದು ಅವನ ಸ್ವಂತ ವಿಷಯವೆಂದೂ ಆತ ವಿವರಿಸಿದ. ಮೂವರು ಅದಾಗಲೇ ಬೇರೆ ಬೇರೆಯಾಗಿ ಆ ಸುಮ್ಮನಾಗಿದ್ದ ಗೆಳೆಯನಿಗೆ ಖಾಸಗಿಯಾಗಿ ಬರೆದಿದ್ದರೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ನಮ್ಮ ಬಳಗದಲ್ಲಿ ಇದು ತಿರುವುಮುರುವು. ಇದ್ದವರಿಗಿಂತ ಇಲ್ಲದವರದ್ದೇ ಅಲ್ಲಿ ಹೆಚ್ಚಿನ ಮಾತು. ನಾಲ್ಕು ದಿನ ಕಾಣಿಸದಿದ್ದರೆ ‘ನಾಪತ್ತೆ’, ಎಂಟು ದಿನವಾದರೆ ‘ಅಜ್ಞಾತವಾಸ’, ಹದಿನೈದು ದಿನ ದಾಟಿದರೆ ಎತ್ತರ, ಮೈಬಣ್ಣ, ಕೊನೆಯದಾಗಿ ತೊಟ್ಟಿದ್ದ ಅಂಗಿ ಇಷ್ಟನ್ನೂ ಕಲ್ಪಿಸಿ ಬರೆದ ‘ಕಾಣೆಯಾಗಿದ್ದಾರೆ’ ಪ್ರಕಟಣೆ. ಜೊತೆಗೆ ಸಂಭಾಷಣೆಯ ಧಾಟಿಯೇ ಬದಲಾಗುತ್ತದೆ. ದಿನನಿತ್ಯ ‘ನೀನು’, ‘ಬಾರೋ’, ‘ಹೋಗೋ’ ಎನಿಸಿಕೊಳ್ಳುವವನು ಕಣ್ಮರೆಯಾದ ಕೂಡಲೇ ‘ತಾವು’ ಆಗುತ್ತಾನೆ. ‘ದೊರೆಗಳ ಸವಾರಿ ಯಾವ ಕಡೆ ಚಿತ್ತೈಸಿದೆಯೋ?’, ‘ಮಹಾಶಯರ ದರ್ಶನಭಾಗ್ಯ ಎಂದು?’ ಎಂದು ಅವನ ಮೇಲೆ ಮರ್ಯಾದೆಯ ಮಳೆ ಸುರಿಯುತ್ತದೆ.

ಈ ಸೌಕರ್ಯ ಇಂದಿನ ಇಂಗ್ಲಿಷಿಗೆ ಇಲ್ಲ. ಅವರ ಹಳೆಯ ಏಕವಚನ ‘ದೌ’ 17ನೆಯ ಶತಮಾನದಲ್ಲಿಯೇ ಸಾಮಾನ್ಯ ಬಳಕೆಯಿಂದ ಹಿಂದೆ ಸರಿದು ಪ್ರಾರ್ಥನೆಯಲ್ಲಿ, ಕಾವ್ಯದಲ್ಲಿ, ಕೆಲವು ಪ್ರಾದೇಶಿಕ ನುಡಿಗಳಲ್ಲಿ ಉಳಿದುಕೊಂಡಿತು. ಉಳಿದವರೆಲ್ಲ ಅರಸನಿಗೂ ಆಪ್ತನಿಗೂ ಒಂದೇ ‘ಯೂ’ ಬಳಸುತ್ತ ಬಂದರು. ಬರಹದಲ್ಲಿ ಹಾಸ್ಯವನ್ನು ಹಾಸ್ಯವೆಂದು ತೋರಿಸಲು ಅವರಿಗೊಂದು ಗುರುತು ಬೇಕಾಯಿತು. 1982ರ ಸೆಪ್ಟೆಂಬರ್ 19ರಂದು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸ್ಕಾಟ್ ಫಾಲ್‌ಮನ್, ಕಂಪ್ಯೂಟರಿನಲ್ಲಿ ನಡೆಯುತ್ತಿದ್ದ ಚರ್ಚೆಯಲ್ಲಿ ತಮಾಷೆಯ ಮಾತುಗಳನ್ನು ಕೆಲವರು ನಿಜವೆಂದೇ ನಂಬಿದ್ದನ್ನು ಕಂಡು, ವಿವರಣಚಿಹ್ನೆ, ಅಡ್ಡಗೆರೆ, ಆವರಣಚಿಹ್ನೆ ಈ ಮೂರನ್ನು ಜೋಡಿಸಿ ನಗುವ ಮುಖವೊಂದನ್ನು ಸೂಚಿಸಿದರು. ನಮಗೆ ಆ ಕೆಲಸವನ್ನು ಅಸಂಬದ್ಧ ಜಾಗದಲ್ಲಿ ಬಂದು ಕೂತ ಬಹುವಚನವೇ ಮಾಡಿಕೊಡುತ್ತದೆ. ಆಪ್ತನೊಬ್ಬ ‘ತಾವು’ ಎಂದ ಮೇಲೆ ಅದು ನಗುವೇ. ಪಕ್ಕದಲ್ಲಿ ಹಳದಿ ಮುಖ ಅಂಟಿಸುವ ಅಗತ್ಯವಿಲ್ಲ. (ಹೊಸದಾಗಿ ಸೇರಿದ ಹುಡುಗನೊಬ್ಬ ನನ್ನನ್ನು ನಿಜವಾದ ಗೌರವದಿಂದಲೇ ‘ತಾವು’ ಎಂದಾಗ, ನಾನು ಏನು ತಪ್ಪು ಮಾಡಿದೆನೆಂದು ಅರ್ಧ ದಿನ ಯೋಚಿಸಿದ್ದೂ ಉಂಟು.)

ಇಂಥ ಸಲುಗೆಯ ಬಗ್ಗೆ ಮಾನವಶಾಸ್ತ್ರಜ್ಞ ಎ. ಆರ್. ರಾಡ್‌ಕ್ಲಿಫ್-ಬ್ರೌನ್ 1940ರಲ್ಲಿಯೇ ಒಂದು ಪ್ರಬಂಧ ಬರೆದಿದ್ದರು. ಕೆಲವು ಸಂಬಂಧಗಳಲ್ಲಿ ಒಬ್ಬರು ಇನ್ನೊಬ್ಬರನ್ನು ಗೇಲಿ ಮಾಡಲು ಅನುಮತಿಯಿರುತ್ತದೆ, ಗೇಲಿಗೆ ಗುರಿಯಾದವರು ಸಿಟ್ಟಾಗುವಂತಿಲ್ಲ ಎಂಬುದು ಅವರು ಗಮನಿಸಿದ ಅಂಶ. ಗಂಡಸಿಗೂ ಅವನ ಹೆಂಡತಿಯ ಒಡಹುಟ್ಟಿದವರಿಗೂ ನಡುವೆ ಇದು ಸಾಮಾನ್ಯವೆಂದು ಅವರು ಹೇಳಿದ್ದನ್ನು ಭಾವ ಮೈದುನರ ನಡುವೆ ಬೆಳೆದ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮುಖವನ್ನೇ ಕಾಣದವರ ಬಳಗದಲ್ಲಿ ಮಾತ್ರ ಆ ಅನುಮತಿ ನೆಂಟಸ್ತಿಕೆಯಿಂದ ಬರುವುದಿಲ್ಲ, ವರ್ಷಗಟ್ಟಲೆ ಪರಸ್ಪರ ಕೆಣಕಿ ಗಳಿಸಿಕೊಳ್ಳಬೇಕು.

ನನ್ನ ಇಂಗ್ಲಿಷ್ ಗೆಳೆಯನ ವಾದದಲ್ಲಿ ಒಂದು ಕೊರತೆಯಿದೆ. ಜಗಲಿಯ ಮೇಲೆ ಕುಳಿತು ಇಲ್ಲದವನ ಬಗ್ಗೆ ಆಡಿದ ಮಾತು ಗಾಳಿಗೆ ಹೋಗುತ್ತದೆ. ಅದು ಅವನ ಕಿವಿಗೆ ಬೀಳಬಾರದೆಂಬುದೇ ಅಲ್ಲಿನ ಎಣಿಕೆ. ಫೋನಿನ ಗುಂಪಿನಲ್ಲಿ ಬರೆದದ್ದು ಹಾಗಲ್ಲ, ಅವನು ಬರುವವರೆಗೂ ಕಾದಿರುತ್ತದೆ. ಅವನು ಓದಲೆಂದೇ ಅವನ ಬಾಗಿಲಿಗೆ ಸಿಕ್ಕಿಸಿದ ಚೀಟಿ ಅದು. 2014ರ ನವೆಂಬರಿನಲ್ಲಿ ವಾಟ್ಸಾಪ್ ನೀಲಿ ಗುರುತುಗಳನ್ನು ತಂದ ಮೇಲಂತೂ ಚೀಟಿಯನ್ನು ಓದಿಯೂ ಬಾಗಿಲು ತೆರೆಯದವರು ಯಾರೆಂಬುದೂ ಗೊತ್ತಾಗತೊಡಗಿತು.

ಮೂರು ವರ್ಷಗಳ ಹಿಂದೆ ನಾನೇ ಹಾಗೆ ಬಾಗಿಲು ಹಾಕಿಕೊಂಡಿದ್ದೆ. ಕೆಲಸ ಹೋಗಿತ್ತು; ಹೇಳಿಕೊಳ್ಳುವ ಮನಸ್ಸಿರಲಿಲ್ಲ. ಇಂಗ್ಲಿಷ್ ಗೆಳೆಯನ ಸಂದೇಶ ಮೊದಲು ಬಂತು: ನಿನ್ನ ನೆನಪಾಯಿತು, ಉತ್ತರಿಸಲೇಬೇಕೆಂದಿಲ್ಲ. ಅದನ್ನು ಓದಿ ಕಣ್ಣು ತುಂಬಿ ಬಂದಿತ್ತೆಂಬುದನ್ನು ಒಪ್ಪಿಕೊಳ್ಳುತ್ತೇನೆ. ಅದೇ ವಾರ ಕನ್ನಡ ಬಳಗದವರು ನನ್ನ ಅಜ್ಞಾತವಾಸದ ‘ಶತದಿನೋತ್ಸವ’ಕ್ಕೆ ಚಂದಾ ಎತ್ತುವ ಮಾತನಾಡುತ್ತಿದ್ದರು, ಆಗಿದ್ದದ್ದು ಇಪ್ಪತ್ತೆಂಟೇ ದಿನ. ಓದಿದಾಗ ಮೈಯುರಿದಿತ್ತು. ಆದರೆ ಮುಂದೆ ನಡೆದದ್ದನ್ನೂ ಹೇಳಬೇಕು. ಉತ್ತರಿಸಬೇಕಿಲ್ಲ ಎಂದವನಿಗೆ ನಾನು ನಿಜಕ್ಕೂ ಉತ್ತರಿಸಲಿಲ್ಲ. ಇಂದು ನಾಳೆ ಎನ್ನುತ್ತ ತಿಂಗಳುಗಳು ಕಳೆದು, ಅವನು ಕೊಟ್ಟ ರಿಯಾಯಿತಿಯೇ ನಮ್ಮಿಬ್ಬರ ನಡುವೆ ಒಂದು ಗೋಡೆಯಾಯಿತು. ಇತ್ತ ‘ದೊರೆಗಳ ಸವಾರಿ ಎಲ್ಲಿದೆ?’ ಎಂಬ ಪ್ರಶ್ನೆ ದಿನವೂ ಬಂದು ಚುಚ್ಚುತ್ತಲೇ ಇತ್ತು. ಒಂದು ರಾತ್ರಿ ತಾಳಲಾರದೆ ‘ಸವಾರಿಗೆ ಸಿಂಹಾಸನ ಹೋಗಿದೆ, ಬೇರೊಂದು ಖಾಲಿಯಿದ್ದರೆ ತಿಳಿಸಿ’ ಎಂದು ಬರೆದುಬಿಟ್ಟೆ. ತಿಂಗಳಿನಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಸುದ್ದಿ ಒಂದು ಸಾಲಿನಲ್ಲಿ ಹೊರಬಿತ್ತು. ಮುಂದಿನ ಹತ್ತು ನಿಮಿಷಗಳಲ್ಲಿ ಮೂವರು ಫೋನ್ ಮಾಡಿದರು. ಆ ಮೂವರಲ್ಲಿ ಯಾರೂ ‘ತಾವು’ ಎನ್ನಲಿಲ್ಲ.

ಆದ್ದರಿಂದ ನನ್ನ ಒಲವು ನಮ್ಮವರ ಗದ್ದಲದ ಕಡೆಗೇ ಇದೆ. ಆದರೂ ಆ ಗದ್ದಲಕ್ಕೆ ಒಂದು ಕುರುಡಿದೆ. ಬಳಗದ 17ನೆಯವರು ಬರೆಯುತ್ತಿದ್ದುದು ಬಹಳ ಅಪರೂಪ. ಎಲ್ಲವನ್ನೂ ಓದುತ್ತಿದ್ದರು, ಯುಗಾದಿಗೊಮ್ಮೆ ಶುಭಾಶಯ ಹೇಳುತ್ತಿದ್ದರು, ಅಷ್ಟೆ. ಅವರಿಗೆ ನಾವು ಅಡ್ಡಹೆಸರಿಟ್ಟಿರಲಿಲ್ಲ, ಅವರನ್ನು ಕೆಣಕಲು ಯಾವ ನೆಪವೂ ಸಿಕ್ಕಿರಲಿಲ್ಲ. 2022ರಲ್ಲಿ, ಗುಂಪನ್ನು ಬಿಟ್ಟರೆ ಎಲ್ಲರಿಗೂ ಡಂಗುರ ಸಾರದೆ ಅಡ್ಮಿನ್‌ಗಳಿಗಷ್ಟೇ ತಿಳಿಸುವ ಏರ್ಪಾಡು ಬಂತು. ಅನಂತರ ಯಾವಾಗಲೋ ಒಂದು ದಿನ ಅವರು ಹೊರಟುಹೋಗಿದ್ದರು. ನಮ್ಮ ಅಡ್ಮಿನ್ ಅಂಥ ಸೂಚನೆಗಳನ್ನು ನೋಡುವ ಜಾತಿಯವರಲ್ಲ. ಹೆಸರುಗಳ ಪಟ್ಟಿಯಲ್ಲಿ 16 ಎಂದಿರುವುದನ್ನು ಒಬ್ಬರು ಕಂಡು, ಯಾರಿಲ್ಲವೆಂದು ನಾವು ಎಣಿಸಿ ಎಣಿಸಿ ಕಂಡುಹಿಡಿಯಬೇಕಾಯಿತು. ತಮಾಷೆ ಮಾಡಿಸಿಕೊಂಡವರ ಗೈರು ಮಾತ್ರ ನಮಗೆ ತಿಳಿಯುತ್ತದೆ ಎಂಬುದು ಅಂದು ಗೊತ್ತಾಯಿತು. ಅವರ ನಂಬರಿಗೆ ಕರೆ ಮಾಡಿದರೆ ಅದು ಚಾಲ್ತಿಯಲ್ಲಿರಲಿಲ್ಲ.

ಆ ಪೆಟ್ಟು ತಿಂದಿದ್ದರಿಂದಲೇ, ಅಕ್ಕ ಕಾಣೆಯಾದಾಗ ನಾವು ಬರಿಯ ಗೇಲಿಯನ್ನು ನೆಚ್ಚಿ ಕೂರಲಿಲ್ಲ. ಅಕ್ಕ ಎಂದರೆ ನಮ್ಮ ಕಾಗುಣಿತದ ಕಾವಲುಗಾರ್ತಿ. ಅಲ್ಪಪ್ರಾಣ ಮಹಾಪ್ರಾಣಗಳಲ್ಲಿ, ಅದಕ್ಕಿಂತ ಹೆಚ್ಚಾಗಿ ಅಕಾರ ಹಕಾರಗಳಲ್ಲಿ ಎಡವಿದವರನ್ನು ಅವರು ಬಿಟ್ಟದ್ದಿಲ್ಲ. ಅವರನ್ನು ರೇಗಿಸಲೆಂದೇ ನಮ್ಮಲ್ಲಿನ ಕಿರಿಯನೊಬ್ಬ ಬೇಕೆಂದು ‘ಹಕ್ಕ’ ಎಂದು ಕರೆಯುತ್ತಿದ್ದ. ವಿಜಯನಗರಕ್ಕೆ ಹಕ್ಕ ಒಬ್ಬರೇ ಸಾಲದೆಂದು ತನ್ನನ್ನು ಬುಕ್ಕನೆಂದು ಘೋಷಿಸಿಕೊಂಡಿದ್ದ. ಎರಡು ವಾರ ತಿದ್ದುಪಡಿಗಳು ಬಾರದಿದ್ದಾಗ ಬುಕ್ಕ ಇಂಗ್ಲಿಷರಂತೆ ಗುಟ್ಟಾಗಿ ಅವರ ಮನೆಗೆ ಫೋನ್ ಮಾಡಿದ. ಕಣ್ಣಿನ ಶಸ್ತ್ರಚಿಕಿತ್ಸೆಯಾಗಿದೆ, ಕೆಲವು ವಾರ ಪರದೆ ನೋಡುವಂತಿಲ್ಲ, ಸಂದೇಶಗಳನ್ನು ಮಗಳು ಓದಿ ಹೇಳುತ್ತಾಳೆ ಎಂದು ತಿಳಿಯಿತು.

ಅಂದಿನಿಂದ ಎಲ್ಲರೂ ಕನ್ನಡಿಗರ ರೀತಿಗೆ ಮರಳಿದೆವು. ‘ಹಕ್ಕನಿಗೆ ಆರ್ದಿಕ ಶುಭಾಶಯಗಳು’, ‘ಆಲು ಉಕ್ಕುವಂತೆ ಸಂತೋಷ ಉಕ್ಕಲಿ’ ಎಂದು ಕಂಡಕಂಡಲ್ಲೆಲ್ಲ ಹಕಾರವನ್ನು ಕದ್ದು, ಬೇಡದ ಕಡೆ ತುರುಕಿ ಬರೆದೆವು. ಬುಕ್ಕ ‘ಅಕ್ಕಿ ಬೇಗನೆ ಗೂಡಿಗೆ ಮರಳಲಿ’ ಎಂದು ದಿನವೂ ಹಾಕುತ್ತಿದ್ದ. ಯಾವುದಕ್ಕೂ ಪ್ರತಿಕ್ರಿಯೆಯಿರಲಿಲ್ಲ. ಮಗಳು ಓದುವಾಗ ತನಗರಿವಿಲ್ಲದೆಯೇ ಎಲ್ಲವನ್ನೂ ಸರಿಪಡಿಸಿ ಓದುತ್ತಿದ್ದಳಂತೆ. ಆರು ವಾರಗಳಾದ ಮೇಲೆ ಒಂದು ಬೆಳಗ್ಗೆ ಅಕ್ಕ ತಾವೇ ಪರದೆ ತೆರೆದು ನಮ್ಮ ಅಪರಾಧಗಳನ್ನು ಮೊದಲ ಬಾರಿಗೆ ಕಂಡರು. ಕುಶಲಪ್ರಶ್ನೆ, ಧನ್ಯವಾದ ಯಾವುದೂ ಇಲ್ಲದೆ ಅವರ ಸಾಲು ಬಂತು: ‘ಗೂಡಿಗೆ ಮರಳುವುದು ಹಕ್ಕಿ. ಅಕ್ಕಿಗೆ ರೆಕ್ಕೆ ಇರುವುದಿಲ್ಲ.’

ಒಂದು ನಿಮಿಷವೂ ಕಳೆದಿರಲಿಲ್ಲ, ಕೆಳಗೆ ಉತ್ತರ ಬಂದಿತ್ತು: ‘ತಪ್ಪಾಯಿತು, ಹಕ್ಕ. ರಾಜ್ಯಭಾರ ಒಬ್ಬನಿಂದ ಸಾಗುತ್ತಿರಲಿಲ್ಲ. ಇತಿ, ಬುಕ್ಕ.’