ಜಾಹೀರಾತು ನಿಲ್ಲಿಸಿ ಊರೇ ಮುಗಿಸಿದ ಪತ್ರಿಕೆ

ಪತ್ರಕರ್ತರ ಧೈರ್ಯ ಅಂದಕೂಡಲೇ ನಾವು ರಾಜಧಾನಿಯ ದೊಡ್ಡ ಹೆಸರುಗಳನ್ನೇ ಹೇಳುತ್ತೇವೆ. ನನ್ನ ಮಟ್ಟಿಗೆ ಅದಕ್ಕಿಂತ ಕಷ್ಟದ ಕೆಲಸ ಸಣ್ಣ ಊರಿನ ಸಂಪಾದಕರದು. ಯಾರ ವಿರುದ್ಧ ಬರೆಯುತ್ತಾರೋ ಅವರ ಊರಲ್ಲೇ ಬದುಕಬೇಕು.

ಅಮೆರಿಕದ ಮಿಸಿಸಿಪಿ ರಾಜ್ಯದ ಹೇಜಲ್ ಬ್ರ್ಯಾನನ್ ಸ್ಮಿತ್ ಅಂಥವರು. 1936ರಲ್ಲಿ, ಇನ್ನೂ 22ರ ಹುಡುಗಿ, ಸಾಲ ಮಾಡಿ ಹೋಮ್ಸ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು) 'ಡ್ಯುರಂಟ್ ನ್ಯೂಸ್' ವಾರಪತ್ರಿಕೆ ಕೊಂಡರು. 1943ರಲ್ಲಿ 'ಲೆಕ್ಸಿಂಗ್ಟನ್ ಅಡ್ವರ್ಟೈಸರ್' ಕೂಡ ಅವರದಾಯಿತು. ಅಕ್ರಮ ಮದ್ಯ, ಜೂಜಿನ ದಂಧೆ ವಿರುದ್ಧ ಬರೆದರು. ಜನ ಓದಿದರು, ಪತ್ರಿಕೆ ಚೆನ್ನಾಗಿಯೇ ನಡೆಯಿತು.

1954ರಲ್ಲಿ ಅಲ್ಲಿನ ಶೆರಿಫ್, ಅಂದರೆ ಕೌಂಟಿಯ ಪೊಲೀಸ್ ಮುಖ್ಯಸ್ಥ, ಒಬ್ಬ ಕಪ್ಪು ಯುವಕನ ಕಾಲಿಗೆ ಗುಂಡು ಹೊಡೆದ. ಹೇಜಲ್ ಅದನ್ನು ವರದಿ ಮಾಡಿದರು. ಸುಮ್ನೆ ಅಷ್ಟಕ್ಕೇ ಬಿಡಲಿಲ್ಲ, ರಾಜೀನಾಮೆ ಕೊಡು ಅಂತ ಸಂಪಾದಕೀಯ ಬರೆದರು. ಗಮನಿಸಿ, ಆಗ ಅವರು ಬಿಳಿಯರು-ಕಪ್ಪು ಜನರು ಬೇರೆಬೇರೆಯಾಗಿ ಇರಬೇಕೆಂಬ ಪದ್ಧತಿಯನ್ನು ವಿರೋಧಿಸುತ್ತಿದ್ದವರೇ ಅಲ್ಲ. ಕಾನೂನು ಎಲ್ಲರಿಗೂ ಒಂದೇ ಅಂದಿದ್ದರು, ಅಷ್ಟೇ. ತಾವು ಬೆಳೆದ ನಂಬಿಕೆಗಳ ಒಳಗಿದ್ದೇ ಎದುರಿನ ಅನ್ಯಾಯ ಕಂಡರಲ್ಲ, ನನಗೆ ಅದೇ ದೊಡ್ಡದು.

ಶೆರಿಫ್ ಮಾನನಷ್ಟ ಮೊಕದ್ದಮೆ ಹಾಕಿದ. ಕೆಳಗಿನ ಕೋರ್ಟಿನಲ್ಲಿ 10,000 ಡಾಲರ್ ಪರಿಹಾರ ಕೊಡಬೇಕೆಂದು ತೀರ್ಪಾಯಿತು. 1955ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಕೋರ್ಟಿನಲ್ಲಿ ಗೆದ್ದರು, ಊರಲ್ಲಿ ಸೋತರು. ಜನಾಂಗ ಪ್ರತ್ಯೇಕತೆಯನ್ನು ಉಳಿಸಲು ಹೊರಟಿದ್ದ ಬಿಳಿಯರ ಸಂಘಟನೆ, ಸಿಟಿಜನ್ಸ್ ಕೌನ್ಸಿಲ್, ಜಾಹೀರಾತು ಬಹಿಷ್ಕಾರಕ್ಕೆ ಇಳಿಯಿತು. ಗಂಡನಿಗೆ ಕೌಂಟಿ ಆಸ್ಪತ್ರೆಯ ಆಡಳಿತಾಧಿಕಾರಿ ಹುದ್ದೆ ಹೋಯಿತು. ಹೇಜಲ್ ಪತ್ರಿಕೆಯನ್ನು ಮುಳುಗಿಸಲೆಂದೇ ಇನ್ನೊಂದು ಪತ್ರಿಕೆ ಶುರುವಾಯಿತು.

1964ರಲ್ಲಿ ಸಂಪಾದಕೀಯಕ್ಕಾಗಿ, ಅಮೆರಿಕದ ಪತ್ರಿಕೋದ್ಯಮದ ದೊಡ್ಡ ಗೌರವವಾದ ಪುಲಿಟ್ಜರ್ ಪ್ರಶಸ್ತಿ ಬಂತು. ಆ ವಿಭಾಗದಲ್ಲಿ ಅದನ್ನು ಪಡೆದ ಮೊದಲ ಹೆಂಗಸು ಅವರು. ಆದರೆ ಪ್ರಶಸ್ತಿಯಿಂದ ಮುದ್ರಣದ ಕಾಗದದ ಬಿಲ್ ತೀರುತ್ತದಾ? ಸಾಲದ ಮೇಲೆ ಸಾಲ ಮಾಡಿ ಮತ್ತೆ ಎರಡು ದಶಕ ಎಳೆದರು. 1985ರಲ್ಲಿ ದಿವಾಳಿಯಾದರು.

ನನಗೆ ಶೆರಿಫ್‌ಗಿಂತ ಜಾಹೀರಾತು ನಿಲ್ಲಿಸಿದ ಆ ಊರಿನ ಅಂಗಡಿಯವರ ಮೇಲೆ ಸಿಟ್ಟು ಜಾಸ್ತಿ. ಅವರಲ್ಲಿ ಎಷ್ಟೋ ಜನ ಕೆಟ್ಟವರಾಗಿರಲಿಕ್ಕಿಲ್ಲ, ಹೆದರಿದ್ದರು. ನಮ್ಮ ಜಿಲ್ಲಾ ಪತ್ರಿಕೆಗಳೂ ಸ್ಥಳೀಯ ಅಂಗಡಿ, ಸರ್ಕಾರಿ ಜಾಹೀರಾತುಗಳನ್ನೇ ನೆಚ್ಚಿಕೊಂಡಿವೆ ಅಲ್ವಾ? ಅವು ಗಟ್ಟಿಯಾಗಿ ಬರೆಯಲ್ಲ ಅಂತ ಬೈಯುವ ನಾವು, ಬರೆದ ಮರುವಾರ ಜಾಹೀರಾತು ನಿಂತರೆ ಚಂದಾ ಕಟ್ಟುತ್ತೇವಾ?