ಹಳೇ ಸೈನಿಕನ ಕುಡಿತ ಬಿಡಿಸೋ ದುಡ್ಡು ಯಾರ ಕೈಗೆ ಹೋಗಬೇಕು?

ಅಮೆರಿಕದಲ್ಲಿ ಸೇನೆ ಬಿಟ್ಟು ಬಂದವರ ಆರೋಗ್ಯ ನೋಡಿಕೊಳ್ಳುವುದು ವಿಎ, ಅಂದರೆ ವೆಟರನ್ಸ್ ಇಲಾಖೆ. ಅದರ ಕೈಯಲ್ಲಿ ಸುಮಾರು 170 ಆಸ್ಪತ್ರೆಗಳಿವೆ, ಸುಮಾರು 90 ಲಕ್ಷ ಜನ ಹೆಸರು ಬರೆಸಿಕೊಂಡಿದ್ದಾರೆ. ಕುಡಿತ, ಡ್ರಗ್ಸ್, ನೋವಿನ ಮಾತ್ರೆಯ ಚಟ ಬಿಡಿಸೋದಕ್ಕೂ ಅಲ್ಲಿ ದುಡ್ಡಿದೆ. ಕೊಡಬೇಕೋ ಬೇಡವೋ ಅನ್ನುವ ಜಗಳ ಹೆಚ್ಚು ಕಮ್ಮಿ ಮುಗಿದಿದೆ.

ಈಗಿನ ಜಗಳ ಬೇರೆ. ಒಂದೆರಡು ತಿಂಗಳು ಒಳಗೇ ಇರಿಸಿಕೊಂಡು ಚಟ ಬಿಡಿಸುವ ಕೇಂದ್ರ ಬೇಕಾದಾಗ, ಹಳೇ ಸೈನಿಕ ಸೀದಾ ಖಾಸಗಿ ಕೇಂದ್ರಕ್ಕೆ ಹೋಗಿ ಬಿಲ್ಲನ್ನು ವಿಎಗೆ ಕಳಿಸಬಹುದಾ? ಅಥವಾ ವಿಎಯ ಸ್ವಂತ ಕೇಂದ್ರದಲ್ಲಿ ಹಾಸಿಗೆ ಖಾಲಿಯಾಗೋವರೆಗೆ ಕಾಯಬೇಕಾ? ನಮ್ಮ ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ನ ಕಾರ್ಡ್ ಇರುವ ಮನೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಪಾಲಿಕ್ಲಿನಿಕ್‌ನಲ್ಲಿ ರೆಫರಲ್ ಬರೆಸಿಕೊಂಡು ಪ್ಯಾನೆಲ್ ಆಸ್ಪತ್ರೆಗೆ ಹೋಗುತ್ತಾರಲ್ಲ, ಇಲ್ಲಿನ ಜಗಳವೂ ಅಂಥದೇ ಚೀಟಿಯದು.

ಸೀದಾ ಖಾಸಗಿ ಕೇಂದ್ರಕ್ಕೆ ಕಳಿಸಬೇಕು ಅನ್ನುವ ಪರ ವಾದ, ಬೇಡ ಅನ್ನುವ ವಿರೋಧ ವಾದ, ಎರಡನ್ನೂ ನಾನೇ ಬರೆದಿದ್ದೇನೆ. ಮೊದಲನೆಯದನ್ನು ಸಿಟ್ಟಿನಲ್ಲಿ ಬರೆದೆ. ಎರಡನೆಯದನ್ನು ಬರೆಯೋಕೆ ಬಹಳ ದಿನ ಹಿಡಿಯಿತು.

ಪರ: ಇವತ್ತು ಬರ್ತೀನಿ ಅಂದವನನ್ನು ಇವತ್ತೇ ಕಳಿಸಿ

ಇಲ್ಲಿ ನಮ್ಮ ಪಕ್ಕದ ಮನೆಯವರು ಸೈನಿಕರಾಗಿ ಇರಾಕಿಗೆ ಎರಡು ಸಲ ಹೋಗಿ ಬಂದವರು. ಒಂದು ಭಾನುವಾರ ಬೆಳಿಗ್ಗೆ ಗ್ಯಾರೇಜಿನ ಬಾಗಿಲೆತ್ತಿ, ಟೂಲ್‌ಬಾಕ್ಸ್ ಹಿಂದೆ ಬಚ್ಚಿಟ್ಟಿದ್ದ ಬಾಟಲಿಗಳನ್ನು ಒಂದೊಂದಾಗಿ ತಂದು ಚರಂಡಿಗೆ ಸುರಿದರು. ಐದು ಬಾಟಲಿ. ಐದನೆಯದರ ಮುಚ್ಚಳ ತೆಗೆಯುವಾಗ ಕೈ ನಡುಗುತ್ತಿತ್ತು. "ಇವತ್ತು ಕರೆದರೆ ಇವತ್ತೇ ಹೋಗ್ತೀನಿ" ಅಂದರು. ಬುಧವಾರ ಸಂಜೆ ಅವರ ಕಾರು ಲಿಕ್ಕರ್ ಅಂಗಡಿ ಮುಂದೆ ನಿಂತಿತ್ತು.

ಕುಡಿಯುವವರ ಜೊತೆ ಒಂದೇ ಸೂರಿನಡಿ ಬದುಕಿದವರಿಗೆ ಈ ಭಾನುವಾರ, ಬುಧವಾರದ ಲೆಕ್ಕ ಗೊತ್ತು. ಮನಸ್ಸು ಆಗೊಮ್ಮೆ ಈಗೊಮ್ಮೆ ತೆರೆದುಕೊಳ್ಳುತ್ತದೆ. ತೆರೆದಾಗ ಯಾರಾದರೂ ಕೈ ಹಿಡಿದು ಕರೆದುಕೊಂಡು ಹೋಗಬೇಕು. 2025ರಲ್ಲಿ ಹೊಸ ಕಾನೂನು ಬರುವವರೆಗೆ ವಿಎಯ ನಿಯಮ ಏನು ಹೇಳುತ್ತಿತ್ತು? ಪರಿಸ್ಥಿತಿ ಗಂಭೀರವಾಗಿದ್ದರೆ 72 ಗಂಟೆಯೊಳಗೆ ಸೇರಿಸಿಕೊಳ್ಳಬೇಕು. ಉಳಿದವರಿಗೆ 30 ದಿನ. ಮೂವತ್ತು ದಿನದಲ್ಲಿ ನಾಲ್ಕು ಬುಧವಾರ ಬರುತ್ತವೆ.

ಅಷ್ಟು ದಿನ ಮನೆಯಲ್ಲೇ ಕುಡಿತ ಬಿಟ್ಟಿರಲಿ ಅನ್ನಬಹುದು. ಆದರೆ ಜಾಸ್ತಿ ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಎರಡು ಮೂರು ದಿನಕ್ಕೆ ಇಲ್ಲದ್ದು ಕಾಣಿಸಿ, ಮೈ ಕುದಿದು, ಪ್ರಾಣವೇ ಹೋಗಬಹುದು. ಕುಡಿದರೂ ಅಪಾಯ, ಕುಡಿಯದಿದ್ದರೂ ಅಪಾಯ. ಅಂಥವನಿಗೆ "ಮುಂದಿನ ತಿಂಗಳು ಬನ್ನಿ" ಅನ್ನೋದು ಯಾವ ನ್ಯಾಯ?

ಕಾಯಿಸುವ ಕಾಯಿಲೆ ವಿಎಗೆ ಹೊಸದಲ್ಲ. 2014ರಲ್ಲಿ ಫೀನಿಕ್ಸ್‌ನ ಆಸ್ಪತ್ರೆಯಲ್ಲಿ ಕಾಯುವವರ ಪಟ್ಟಿಯನ್ನೇ ಮುಚ್ಚಿಟ್ಟಿದ್ದು ಹೊರಬಿದ್ದು ದೇಶವೆಲ್ಲ ಗದ್ದಲವಾಯಿತು. ಆಮೇಲೆ 2018ರಲ್ಲಿ ಮಿಷನ್ ಆಕ್ಟ್ ಬಂತು. ಮರುವರ್ಷ ಅದರ ನಿಯಮಗಳು ಜಾರಿಯಾದವು. ಮನಸ್ಸಿನ ಡಾಕ್ಟರನ್ನು ಕಾಣೋಕೆ 20 ದಿನ ಮೀರಿ ಕಾಯಬೇಕಾದರೆ, ಅಥವಾ ಕಾರಿನಲ್ಲಿ ಅರ್ಧ ಗಂಟೆಗಿಂತ ದೂರವಿದ್ದರೆ, ಹೊರಗೆ ತೋರಿಸಬಹುದು. ಸ್ಪೆಷಲಿಸ್ಟ್ ಆದರೆ 28 ದಿನ, ಒಂದು ಗಂಟೆ. ಒಳ್ಳೇದೇ. ಆದರೆ ಒಳಗೇ ಇದ್ದು ಚಟ ಬಿಡಿಸಿಕೊಳ್ಳುವ ಕೇಂದ್ರಗಳನ್ನು ಈ ಲೆಕ್ಕಕ್ಕೆ ಸೇರಿಸಲೇ ಇಲ್ಲ! ಚರ್ಮದ ಡಾಕ್ಟರಿಗೆ ಇದ್ದ ಕಾನೂನಿನ ಗಡುವು 2025ರವರೆಗೆ ಕುಡಿತದ ಹಾಸಿಗೆಗೆ ಇರಲಿಲ್ಲ. ಇದ್ದದ್ದು ಇಲಾಖೆಯ ಒಳಗಿನ ಸುತ್ತೋಲೆ ಮಾತ್ರ. ಸುತ್ತೋಲೆಗೆ ಎಷ್ಟು ಬೆಲೆ ಅಂತ ಸರ್ಕಾರಿ ಕಚೇರಿ ಮೆಟ್ಟಿಲು ಹತ್ತಿದ ಎಲ್ಲರಿಗೂ ಗೊತ್ತಲ್ವಾ. ಉತ್ತರ ಟೆಕ್ಸಾಸ್‌ನಲ್ಲಿ ಜನರನ್ನು ಸುಮ್ನೆ ಕಾಯುವ ಪಟ್ಟಿಯಲ್ಲಿ ಕೂರಿಸಿ, ಹೊರಗೆ ಹೋಗಬಹುದು ಅಂತ ಹೇಳಲೇ ಇಲ್ಲ ಎಂದು ವಿಎಯದೇ ತನಿಖಾ ವಿಭಾಗ 2023ರಲ್ಲಿ ವರದಿ ಕೊಟ್ಟಿತು.

ಇನ್ನು ಸರ್ಕಾರ ತೀರಿಸಬೇಕಾದ ಋಣದ ಮಾತು. ಈ ಚಟದಲ್ಲಿ ಸರ್ಕಾರದ ಪಾಲು ಏನೂ ಇಲ್ವಾ? 1975ರವರೆಗೆ ಸೈನಿಕರ ಊಟದ ಪೊಟ್ಟಣದಲ್ಲೇ ಸಿಗರೇಟು ಇಟ್ಟು ಕೊಡುತ್ತಿದ್ದರು. ವಿಸ್ಕಾನ್ಸಿನ್‌ನ ಟೋಮಾ ಎಂಬ ಊರಿನ ವಿಎ ಆಸ್ಪತ್ರೆ ನೋವಿನ ಮಾತ್ರೆಗಳನ್ನು ಎಷ್ಟು ಧಾರಾಳವಾಗಿ ಬರೆಯುತ್ತಿತ್ತು ಅಂದರೆ ಅದಕ್ಕೆ "ಕ್ಯಾಂಡಿ ಲ್ಯಾಂಡ್" ಅಂತ ಹೆಸರು ಬಿದ್ದಿತ್ತು. ಮಿಠಾಯಿ ಅಂಗಡಿ! 2015ರಲ್ಲಿ ಅದು ಪತ್ರಿಕೆಗೆ ಬಂದ ಮೇಲೆ ಬಾಗಿಲು ಬಿಗಿಯಾಯಿತು.

ಸವಲತ್ತು, ಪರಿಹಾರದ ಪ್ರಶ್ನೆ ಬಂದಾಗ ಇದೇ ಸರ್ಕಾರದ ಧಾಟಿ ಬೇರೆ. ಕುಡಿತವನ್ನು "ಬೇಕಂತಲೇ ಮಾಡಿದ ತಪ್ಪು" ಅಂತ ವಿಎ ಎಣಿಸಬಹುದು ಎಂದು 1988ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು. 1990ರ ಕಾನೂನು ಬರೀ ಚಟದಿಂದಾದ ಅಂಗವೈಕಲ್ಯಕ್ಕೆ ಪರಿಹಾರವಿಲ್ಲ ಎಂದಿತು. ಯುದ್ಧದ ಆಘಾತದಿಂದಲೇ ಕುಡಿತ ಹತ್ತಿದ್ದು ಅಂತ ತೋರಿಸಿದರೆ ಕೊಡಬೇಕು ಎಂದು ಇನ್ನೊಂದು ಕೋರ್ಟು 2001ರಲ್ಲಿ ಹೇಳಿತು. ಅದನ್ನು ತೋರಿಸೋಕೆ ಎಷ್ಟು ಕಾಗದ ಓಡಿಸಬೇಕೋ! ಪರಿಹಾರಕ್ಕೆ ಇಷ್ಟು ಬಿಗಿ ಹಿಡಿಯುವ ಇಲಾಖೆ, ಚಿಕಿತ್ಸೆಗಾದರೂ ಕೈ ಬಿಚ್ಚಬೇಕು. ಸ್ವಂತ ಹಾಸಿಗೆ ಇಲ್ಲವಾ? ಇರುವ ಕಡೆ ಕಳಿಸಿ ಬಿಲ್ ಕಟ್ಟಲಿ. ಆತ್ಮಹತ್ಯೆಯ ಅಂಚಿಗೆ ಬಂದ ಹಳೇ ಸೈನಿಕ ಯಾವ ಆಸ್ಪತ್ರೆಗೆ ಬೇಕಾದರೂ ಹೋಗಬಹುದು, ಖರ್ಚು ನಮ್ಮದು ಅಂತ 2023ರ ಜನವರಿಯಿಂದ ವಿಎಯೇ ಹೇಳುತ್ತಿದೆ. ಆ ಅಂಚಿಗೆ ಬರೋವರೆಗೆ ಯಾಕೆ ಕಾಯಬೇಕು?

ವಿರೋಧ: ಹಾಸಿಗೆ ಸಿಕ್ಕಿತು, ಆಮೇಲೆ?

ವಿಎ ಕ್ಲಿನಿಕ್‌ಗಳಲ್ಲಿ 2011ರಿಂದ ಒಂದು ಚಿಕಿತ್ಸೆ ನಡೆಯುತ್ತಿದೆ. ನೋಡೋಕೆ ಮಕ್ಕಳಾಟದ ಹಾಗಿದೆ. ಹೆಚ್ಚಾಗಿ ಕೊಕೇನ್, ಮೆತ್ ಎಂಬ ಉತ್ತೇಜಕ ಡ್ರಗ್ಸ್ ಚಟದವರಿಗೆ. ವಾರಕ್ಕೆರಡು ಸಲ ಮೂತ್ರ ಪರೀಕ್ಷೆ, ಹನ್ನೆರಡು ವಾರ. ಮೂತ್ರ ಕ್ಲೀನ್ ಆಗಿದ್ದರೆ ಮೀನು ಸಾಕುವಂಥ ಒಂದು ಗಾಜಿನ ಬೋಗುಣಿಯಿಂದ ಚೀಟಿ ಎತ್ತಬಹುದು. ಇದರ ಮೂಲ ಲೆಕ್ಕದಲ್ಲಿ 500 ಚೀಟಿ. ಅರ್ಧದಲ್ಲಿ "ಗುಡ್ ಜಾಬ್" ಅಂತಷ್ಟೇ ಬರೆದಿರುತ್ತದೆ. 209ಕ್ಕೆ ಒಂದೊಂದು ಡಾಲರ್, 40ಕ್ಕೆ ಇಪ್ಪತ್ತು ಡಾಲರ್. ದೊಡ್ಡ ಬಹುಮಾನದ ಜಂಬೋ ಚೀಟಿ ಒಂದೇ ಒಂದು. ವಿಎಯಲ್ಲಿ ದುಡ್ಡಿನ ಬದಲು ಅಲ್ಲಿನ ಕ್ಯಾಂಟೀನಿನ ಕೂಪನ್ ಕೊಡುತ್ತಾರೆ. ಸತತವಾಗಿ ಕ್ಲೀನ್ ಇದ್ದರೆ ಎತ್ತುವ ಚೀಟಿ ಜಾಸ್ತಿಯಾಗುತ್ತಾ ಹೋಗುತ್ತದೆ. ಒಮ್ಮೆ ತಪ್ಪಿದರೆ ಮತ್ತೆ ಒಂದರಿಂದ ಶುರು. ಎರಡು ಯುದ್ಧ ಕಂಡ ಐವತ್ತರ ಗಂಡಸು ಒಂದು ಡಾಲರಿನ ಚೀಟಿಗಾಗಿ ಬಗ್ಗಿ ಬೋಗುಣಿಗೆ ಕೈ ಹಾಕುತ್ತಾನೆ. ನಗು ಬರುತ್ತದೆ ಅಲ್ವಾ? ಆದರೆ ಮೆತ್, ಕೊಕೇನ್ ಚಟಕ್ಕೆ ಇಷ್ಟು ಚೆನ್ನಾಗಿ ಫಲ ಕೊಟ್ಟ ಚಿಕಿತ್ಸೆ ಇನ್ನೊಂದಿಲ್ಲ.

ಖಾಸಗಿ ಕೇಂದ್ರಗಳಲ್ಲಿ ಇದು ಅಪರೂಪ. ಯಾಕಂದರೆ ಇದರಲ್ಲಿ ಬಿಲ್ ಮಾಡೋಕೆ ಜಾಸ್ತಿ ಏನೂ ಇಲ್ಲ. ಹಾಸಿಗೆಗೆ ಬಿಲ್ ಮಾಡಬಹುದು. ಮೂತ್ರಕ್ಕಂತೂ ಮಾಡಬಹುದು, ಅದರ ಕತೆಯೇ ಒಂದಿದೆ.

ಫ್ಲಾರಿಡಾದ ಡೆಲ್‌ರೇ ಬೀಚ್ ಎಂಬ ಸಮುದ್ರದ ಊರು ಒಂದು ಕಾಲಕ್ಕೆ ಚಟ ಬಿಡಿಸುವವರ ರಾಜಧಾನಿ. ದೇಶದ ಮೂಲೆಮೂಲೆಯಿಂದ ರೋಗಿಗಳನ್ನು ವಿಮಾನದ ಟಿಕೆಟ್ ಕೊಟ್ಟು ಕರೆಸುತ್ತಿದ್ದರು. ಕರೆತಂದ ದಲ್ಲಾಳಿಗೆ ತಲೆಗಿಷ್ಟು. ವಿಮೆ ಇರುವವರ ಮೂತ್ರವನ್ನು ಮತ್ತೆ ಮತ್ತೆ ಲ್ಯಾಬಿಗೆ ಕಳಿಸಿ ಸಾವಿರಾರು ಡಾಲರ್ ಬಿಲ್ ಎತ್ತುತ್ತಿದ್ದರು. ಅದಕ್ಕೆ "ದ್ರವ ಚಿನ್ನ" ಅಂತ ಅಡ್ಡಹೆಸರು. ವಿಮೆ ಮುಗಿದರೆ ಬೀದಿಗೆ. ಮತ್ತೆ ಚಟಕ್ಕೆ ಬಿದ್ದರೆ ಇನ್ನೂ ಒಳ್ಳೇದು, ಹೊಸದಾಗಿ ಸೇರಿಸಿಕೊಳ್ಳಬಹುದು! 2016ರಲ್ಲಿ ಪಾಮ್ ಬೀಚ್ ಕೌಂಟಿ ಇದಕ್ಕೆಂದೇ ವಿಶೇಷ ತಂಡ ಕಟ್ಟಬೇಕಾಯಿತು. 2018ರಲ್ಲಿ ದೇಶಕ್ಕೆಲ್ಲ ಅನ್ವಯಿಸುವ ದಲ್ಲಾಳಿ ವಿರೋಧಿ ಕಾನೂನು ಬಂತು. ಹಾಗಾದರೂ 2023ರಲ್ಲಿ ಅರಿಜೋನಾದಲ್ಲಿ ಇಂಥದೇ ಹಗರಣ, ಅಲ್ಲಿ ಬಲಿಯಾದವರು ಮೂಲನಿವಾಸಿಗಳು. ಅದು ಬಡವರ ಸರ್ಕಾರಿ ವಿಮೆಯ ದುಡ್ಡು.

ಎಲ್ಲ ಖಾಸಗಿ ಕೇಂದ್ರಗಳೂ ಹೀಗೇ ಅಂತಲ್ಲ. ಒಳ್ಳೆಯವೂ ಇವೆ. ಆದರೆ ಸೈನಿಕರ ಬಿಲ್ಲನ್ನು ಸರ್ಕಾರ ಕೇಳಿದಷ್ಟು ಕಟ್ಟುತ್ತದೆ ಅಂತ ಗೊತ್ತಾದರೆ ಮೊದಲು ಬಂದು ಬೋರ್ಡ್ ಹಾಕುವವರು ಯಾರು?

ಪರ ವಾದ ಬರೆದಾಗ ನಾನು ಒಂದು ಮುಖ್ಯ ವಿಷಯ ನುಂಗಿಕೊಂಡಿದ್ದೆ. ಹಾಸಿಗೆ ಸಿಗೋವರೆಗೆ ಚಿಕಿತ್ಸೆಯೇ ಇಲ್ಲ ಅನ್ನುವ ಹಾಗೆ ಬರೆದೆ. ಅದು ತಪ್ಪು. ನಡುಕ, ಫಿಟ್ಸ್ ಅಪಾಯ ಇದ್ದವರನ್ನು ಕೆಲವು ದಿನ ಆಸ್ಪತ್ರೆಗೆ ಸೇರಿಸಿಕೊಳ್ಳಬಹುದು. ಕುಡಿತದ ಆಸೆ ತಗ್ಗಿಸುವ ನಾಲ್ಟ್ರೆಕ್ಸೋನ್ ಮಾತ್ರೆಗೆ ಹಾಸಿಗೆ ಬೇಡ. ಹೆರಾಯಿನ್, ನೋವಿನ ಮಾತ್ರೆಯ ಚಟಕ್ಕೆ ಕೊಡುವ ಬ್ಯುಪ್ರೆನಾರ್ಫಿನ್‌ಗೂ ಬೇಡ. ಡಾಕ್ಟರನ್ನು ಕಂಡ ದಿನವೇ ಶುರು ಮಾಡಬಹುದು. ಖಾಸಗಿ ಕೇಂದ್ರಗಳಲ್ಲಿ ಎಷ್ಟೋ ಕಡೆ ಬ್ಯುಪ್ರೆನಾರ್ಫಿನ್‌ನಂಥ ಔಷಧಿಗಳನ್ನು "ಇದೂ ಒಂದು ಚಟವೇ" ಅಂತ ದೂರ ಇಡುತ್ತಾರೆ. ಒಪಿಯಾಯ್ಡ್, ಅಂದರೆ ಹೆರಾಯಿನ್, ನೋವಿನ ಮಾತ್ರೆಯಂಥವುಗಳ ಚಟದವನಿಗೆ ಇದು ಸಾವಿನ ದಾರಿ. ತಿಂಗಳು ಬಿಟ್ಟಿದ್ದರೆ ಮೈ ತಡೆಯುವ ಶಕ್ತಿ ಇಳಿದಿರುತ್ತದೆ. ಮನೆಗೆ ಬಂದು ಹಳೇ ಅಳತೆಯಲ್ಲೇ ತೆಗೆದುಕೊಂಡರೆ ಉಸಿರು ನಿಲ್ಲುತ್ತದೆ. ಹೊರಬಂದ ಮೊದಲ ವಾರಗಳೇ ಹೆಚ್ಚು ಅಪಾಯ.

ಊರು ಬದಲಾದರೆ ಚಟ ಬಿಡುತ್ತದೆ ಅನ್ನುವುದಕ್ಕೆ ವಿಯೆಟ್ನಾಂ ಉದಾಹರಣೆ ಕೊಡುತ್ತಾರೆ. 1971ರಲ್ಲಿ ಅಲ್ಲಿಂದ ವಾಪಸಾದ ಸೈನಿಕರನ್ನು ಲೀ ರಾಬಿನ್ಸ್ ಎಂಬ ಸಂಶೋಧಕಿ ಹುಡುಕಿ ಹುಡುಕಿ ಮಾತಾಡಿಸಿದರು. ಸುಮಾರು 20 ಶೇಕಡಾ ಜನ ಅಲ್ಲಿದ್ದಾಗ ತಮಗೆ ಹೆರಾಯಿನ್‌ನಂಥ ಮಾದಕದ ಚಟ ಹತ್ತಿತ್ತು ಅಂದರು. ಅವರಲ್ಲಿ ಊರಿಗೆ ಬಂದ ಮೊದಲ ವರ್ಷ ಮತ್ತೆ ಚಟಕ್ಕೆ ಬಿದ್ದವರು 5 ಶೇಕಡಾ ಮಾತ್ರ. ಆಗ ಯಾರೂ ನಂಬಲಿಲ್ಲ. ಸರಿಯೇ, ಆದರೆ ಅವರು ಚಟ ಹತ್ತಿದ ಜಾಗ ಬಿಟ್ಟು ಮನೆಗೆ ಬಂದವರು. ಫ್ಲಾರಿಡಾದ ಬೀಚಿನಲ್ಲಿ ನಾಲ್ಕು ವಾರ ಇದ್ದವನು ವಾಪಸ್ ಬರುವುದು ಚಟ ಹತ್ತಿದ ಅದೇ ಗ್ಯಾರೇಜಿಗೆ.

ನಮ್ಮ ಕಡೆ ಧರ್ಮಸ್ಥಳದ ಯೋಜನೆಯವರು ಮದ್ಯವರ್ಜನ ಶಿಬಿರ ಮಾಡುತ್ತಾರಲ್ಲ, ಶಿಬಿರ ಎಂಟು ದಿನದ್ದು. ಅದು ಮುಗಿದ ಮೇಲೆ ಊರಿನಲ್ಲಿ ನವಜೀವನ ಸಮಿತಿ ಅಂತ ಕಟ್ಟಿ, ಕುಡಿತ ಬಿಟ್ಟವರನ್ನು ಮತ್ತೆ ಮತ್ತೆ ಸೇರಿಸುತ್ತಾರೆ. ಶಿಬಿರದ ವೈದ್ಯಕೀಯ ಗುಣಮಟ್ಟದ ಬಗ್ಗೆ ತಕರಾರು ಇರಬಹುದು, ಆ ಸಮಿತಿಯ ಉಪಾಯ ಮಾತ್ರ ಸರಿ. ವಿಎಗೂ ಇರುವ ಬಲ ಇದೇ. ಆಘಾತದ ಚಿಕಿತ್ಸೆ, ಬೆನ್ನುನೋವಿನ ಔಷಧಿ, ಕುಡಿತ, ಮನೆಬಾಡಿಗೆ, ಎಲ್ಲ ಒಂದೇ ಕಡತದಲ್ಲಿರುತ್ತದೆ. ಹೊರಗೆ ಹೋದವನ ಕಾಗದ ಎಷ್ಟೋ ಸಲ ವಾಪಸ್ ಬರುವುದೇ ಇಲ್ಲ. ಹೊರಗೆ ಹರಿಯುವ ದುಡ್ಡು ವರ್ಷವರ್ಷ ಏರುತ್ತಿದೆ. ಆ ದುಡ್ಡಿನಲ್ಲಿ ಸ್ವಂತ ಹಾಸಿಗೆ, ನರ್ಸು ಹೆಚ್ಚಿಸಿದ್ದರೆ ಕಾಯುವ ಪಟ್ಟಿ ಇಷ್ಟು ಉದ್ದವಾಗುತ್ತಿರಲಿಲ್ಲ.

ಪಕ್ಕದ ಮನೆಯವರ ಕತೆ ಅರ್ಧಕ್ಕೆ ನಿಲ್ಲಿಸಿದ್ದೆ. ಆ ಬುಧವಾರ ಕಳೆದು ಎರಡು ತಿಂಗಳಿಗೆ ಅವರು ದೂರದ ಒಂದು ಖಾಸಗಿ ಕೇಂದ್ರಕ್ಕೆ ಹೋದರು. 28 ದಿನ. ಮೈ ತುಂಬಿಕೊಂಡು ಬಂದರು. ಆಮೇಲೆ ಅಲ್ಲಿಂದ ಒಂದು ಫೋನೂ ಇಲ್ಲ, ಆರನೇ ವಾರಕ್ಕೆ ಮತ್ತೆ ಬಾಟಲಿ. ಈಗ ವಿಎ ಕ್ಲಿನಿಕ್‌ಗೆ ಹೋಗುತ್ತಾರೆ, ತಿಂಗಳಿಗೊಂದು ನಾಲ್ಟ್ರೆಕ್ಸೋನ್ ಇಂಜೆಕ್ಷನ್. ನಾನು ಈ ವಿರೋಧದ ವಾದ ಬರೆಯುತ್ತಿದ್ದೇನೆ ಅಂದಾಗ ಅವರಿಗೆ ಸರಿಬರಲಿಲ್ಲ. "ಆ 28 ದಿನ ಇಲ್ಲದಿದ್ದರೆ ಇಂಜೆಕ್ಷನ್ ಹಾಕಿಸಿಕೊಳ್ಳೋಕೆ ನಾನೇ ಇರ್ತಿರಲಿಲ್ಲ" ಅಂದರು.

ಹೋದ ತಿಂಗಳು ಇಂಜೆಕ್ಷನ್ ದಿನ ಬೇಲಿ ಹತ್ತಿರ ನಿಂತು ಮಾತಾಡುತ್ತಿದ್ದೆವು. ಅವರು ಹೊರಟೇ ಇರಲಿಲ್ಲ. ಹನ್ನೊಂದು ಗಂಟೆಗೆ ಅವರ ಫೋನ್ ಹೊಡೆದುಕೊಂಡಿತು. ನೋಡಿ, "ನರ್ಸಮ್ಮ. ಈಗ ಬೈಸಿಕೊಳ್ಳಬೇಕು" ಅಂತ ಕಾರಿನ ಕೀ ಹುಡುಕೋಕೆ ಒಳಗೆ ಹೋದರು.